ತ್ರೊಪೇಯದಲ್ಲಿ ಇಟಾಲಿಯನ್ ಕಲಿಯಲು ಹೊರಟವರು ಪದೇ ಪದೇ ಕೇಳುವ ಪ್ರಶ್ನೆಗಳು

ಇಟಲಿಯ ತ್ರೊಪೇಯದಲ್ಲಿ ಒಂದು ತಿಂಗಳಿದ್ದು ಭಾಷೆ ಕಲಿತು ಬಂದ ಮೇಲೆ ಪರಿಚಯದವರು, ಅವರ ಮಕ್ಕಳು, ಅವರ ಸ್ನೇಹಿತರು ಎಲ್ಲರೂ ಒಂದೊಂದು ಪ್ರಶ್ನೆ ಕೇಳುತ್ತಲೇ ಇದ್ದಾರೆ. ಎಲ್ಲರಿಗೂ ಬಿಡಿಬಿಡಿಯಾಗಿ ಹೇಳುವ ಬದಲು ಇಲ್ಲಿ ಒಟ್ಟಿಗೆ ಬರೆದಿಟ್ಟಿದ್ದೇನೆ.

ತ್ರೊಪೇಯ ಎಲ್ಲಿದೆ?

ಇಟಲಿಯ ನಕ್ಷೆ ಬೂಟಿನ ಹಾಗೆ ಕಾಣುತ್ತದೆ ಅಲ್ವಾ, ಆ ಬೂಟಿನ ಮುಂಗಾಲಿನ ಭಾಗ ಕಲಾಬ್ರಿಯಾ. ಅದರ ಪಶ್ಚಿಮ ಕರಾವಳಿಯಲ್ಲಿ, ತಿರ್ರೇನಿಯನ್ ಸಮುದ್ರಕ್ಕೆ ಮುಖ ಮಾಡಿ, ಕಡಿದಾದ ಬಂಡೆಯ ನೆತ್ತಿಯ ಮೇಲೆ ಕೂತಿರುವ ಊರು ತ್ರೊಪೇಯ. ಜನಸಂಖ್ಯೆ ಸುಮಾರು 6,000. ಬಂಡೆಯ ಅಂಚಿಗೇ ಮನೆಗಳು, ಕೆಳಗೆ ಬಿಳಿ ಮರಳು, ಆಮೇಲೆ ನೀಲಿ ನೀರು. 2021ರಲ್ಲಿ ಇಟಲಿಯ ಸರ್ಕಾರಿ ಟಿವಿ ನಡೆಸುವ ಸ್ಪರ್ಧೆಯಲ್ಲಿ ದೇಶದ ಅತಿ ಚೆಂದದ ಸಣ್ಣ ಊರು ಎಂಬ ಬಿರುದು ಇದಕ್ಕೆ ಬಂತು.

ಹೆಸರನ್ನು ‘ಟ್ರೋಪಿಯಾ’ ಅನ್ನಬೇಡಿ. ಮೊದಲ ಅಕ್ಷರ ನಮ್ಮ ‘ತ್ರೊ’, ಒತ್ತು ‘ಪೇ’ ಮೇಲೆ.

ರೋಮ್, ಫ್ಲಾರೆನ್ಸ್ ಬಿಟ್ಟು ಇಷ್ಟು ಸಣ್ಣ ಊರಿಗೆ ಯಾಕೆ ಹೋಗಬೇಕು?

ಮ್ಯೂಸಿಯಂ ನೋಡುವುದೇ ಮುಖ್ಯ ಅನ್ನುವುದಾದರೆ ಅಲ್ಲಿಗೇ ಹೋಗಿ. ಭಾಷೆ ಮುಖ್ಯ ಆದರೆ ಸಣ್ಣ ಊರೇ ಸರಿ. ದೊಡ್ಡ ಊರಲ್ಲಿ ನೀವು ಕಷ್ಟಪಟ್ಟು ಒಂದು ವಾಕ್ಯ ಜೋಡಿಸುವಷ್ಟರಲ್ಲಿ ಅಂಗಡಿಯವನು ಇಂಗ್ಲಿಷಿನಲ್ಲಿ ಉತ್ತರ ಕೊಟ್ಟುಬಿಡುತ್ತಾನೆ. ಪಾಪ, ಅವನಿಗೆ ಹಿಂದೆ ಸಾಲಿನಲ್ಲಿ ಹತ್ತು ಜನ ಇರುತ್ತಾರೆ. ತ್ರೊಪೇಯದಲ್ಲೂ ಬೇಸಿಗೆಯಲ್ಲಿ ಹೋಟೆಲಿನವರು ಇಂಗ್ಲಿಷ್, ಜರ್ಮನ್ ಆಡುತ್ತಾರೆ. ಆದರೆ ತರಕಾರಿ ಅಂಗಡಿ, ಬೇಕರಿ, ಅಂಚೆ ಕಚೇರಿ, ಬಸ್ ನಿಲ್ದಾಣ ಎಲ್ಲ ಕಡೆ ಇಟಾಲಿಯನ್ನೇ ಗತಿ. ನೀವು ತಡವರಿಸಿದರೆ ಅವರು ಕಾಯುತ್ತಾರೆ.

ಮೊದಲ ವಾರ ನಾನು ಈರುಳ್ಳಿ ತರಲು ಹೋಗಿದ್ದೆ. ಗಾಡಿಯ ಮೇಲೆ ಕೆಂಪು ಈರುಳ್ಳಿಯನ್ನು ಜಡೆ ಹೆಣೆದ ಹಾಗೆ ಹೆಣೆದು ತೂಗುಹಾಕಿದ್ದರು. ಬೆರಳು ತೋರಿಸಿ ‘ಕ್ವೆಸ್ತೊ’ ಅಂದೆ, ಅಂದರೆ ‘ಇದು’. ಗಾಡಿಯ ಅಜ್ಜ ತಲೆಯಾಡಿಸಿ, ‘ಕ್ವೆಸ್ತಾ’ ಅಂದರು. ಈರುಳ್ಳಿ, ಅಂದರೆ ಚಿಪೊಲ್ಲಾ, ಆ ಭಾಷೆಯಲ್ಲಿ ಹೆಣ್ಣು. ಆಮೇಲೆ ಒಂದು ಗಡ್ಡೆ ಕೈಗೆತ್ತಿಕೊಂಡು ‘ಉನಾ ಚಿಪೊಲ್ಲಾ’, ಜಡೆ ಎತ್ತಿ ‘ಉನಾ ತ್ರೆಚ್ಚಾ’, ನಿಂಬೆಹಣ್ಣು ಹಿಡಿದು ‘ಉನ್ ಲಿಮೊನೆ’ ಅಂತ ಒಂದೊಂದಾಗಿ ಹೇಳಿಸಿದರು. ನಾನು ಮೂರನ್ನೂ ಸರಿಯಾಗಿ ಹೇಳಿದ ಮೇಲೇ ತೂಕಕ್ಕೆ ಹಾಕಿದ್ದು. ಇಂಥ ಪಾಠ ದೊಡ್ಡ ಊರಲ್ಲಿ ಸಿಗುವುದು ಕಷ್ಟ.

ಕನ್ನಡ ಗೊತ್ತಿದ್ದರೆ ಇಟಾಲಿಯನ್ ಸುಲಭವೇ?

ಹೌದು, ಮತ್ತು ಈ ಮಾತನ್ನು ನಾನು ಎಲ್ಲರಿಗೂ ಒತ್ತಿ ಹೇಳುತ್ತೇನೆ. ನಾವು ಇಟಾಲಿಯನ್ನನ್ನು ಇಂಗ್ಲಿಷ್ ಮೂಲಕ ಕಲಿಯಲು ಹೋಗುತ್ತೇವೆ. ಪುಸ್ತಕ ಇಂಗ್ಲಿಷಿನದು, ಆ್ಯಪ್ ಇಂಗ್ಲಿಷಿನದು. ಆದರೆ ಎಷ್ಟೋ ಕಡೆ ಕನ್ನಡವೇ ಇಟಾಲಿಯನ್ನಿಗೆ ಹತ್ತಿರ.

ಮೊದಲು ಸದ್ದು. ಅವರ ತ, ದ ನಮ್ಮ ತ, ದ ಇದ್ದ ಹಾಗೆ, ನಾಲಗೆ ಹಲ್ಲಿಗೆ ತಾಗಬೇಕು. ಅವರ ಪ, ಕ ಕೂಡ ಉಸಿರು ಬಿಡದ ನಮ್ಮ ಪ, ಕ. ಇಂಗ್ಲಿಷಿನವರು ಇದಕ್ಕೆ ತಿಂಗಳುಗಟ್ಟಲೆ ಒದ್ದಾಡುತ್ತಾರೆ. ಹೆಚ್ಚಿನ ಪದಗಳು ಸ್ವರದಲ್ಲೇ ಮುಗಿಯುತ್ತವೆ. ‘ಬಸ್ಸು’, ‘ಕಾರು’ ಅಂತ ಎಲ್ಲದರ ಕೊನೆಗೂ ಒಂದು ಸ್ವರ ಸೇರಿಸುವ ನಮಗೆ ಇದು ಮನೆಯ ಅಭ್ಯಾಸ.

ಆಮೇಲೆ ಒತ್ತಕ್ಷರ. ಇಟಾಲಿಯನ್ನಿನಲ್ಲಿ ‘ಕಾಸಾ’ ಅಂದರೆ ಮನೆ, ‘ಕಸ್ಸಾ’ ಅಂದರೆ ದುಡ್ಡು ಕಟ್ಟುವ ಕೌಂಟರ್. ‘ಕಪೆಲ್ಲೊ’ ಕೂದಲು, ‘ಕಪ್ಪೆಲ್ಲೊ’ ಟೋಪಿ. ‘ನೊನೊ’ ಒಂಬತ್ತನೆಯದು, ‘ನೊನ್ನೊ’ ಅಜ್ಜ. ನಮ್ಮ ತರಗತಿಯಲ್ಲಿದ್ದ ಬೇರೆ ದೇಶದವರಿಗೆ ಈ ವ್ಯತ್ಯಾಸ ಕಿವಿಗೇ ಬೀಳುತ್ತಿರಲಿಲ್ಲ. ‘ಕತೆ’ಗೂ ‘ಕತ್ತೆ’ಗೂ ವ್ಯತ್ಯಾಸ ಕೇಳುತ್ತಾ ಬೆಳೆದ ನಮಗೆ ಅದು ತಾನಾಗಿ ಕೇಳುತ್ತದೆ.

ವ್ಯಾಕರಣಕ್ಕೆ ಬನ್ನಿ. ‘ಮಾತಾಡುತ್ತೇನೆ’ ಅಂದರೆ ಸಾಕು, ‘ನಾನು’ ಬೇಕಿಲ್ಲ ಅಲ್ವಾ? ಅಲ್ಲೂ ಹಾಗೇ. ‘ಪಾರ್ಲೊ’ ಅಂದರೆ ಮಾತಾಡುತ್ತೇನೆ, ‘ಪಾರ್ಲಿ’ ಅಂದರೆ ಮಾತಾಡುತ್ತೀಯ. ಕ್ರಿಯಾಪದದ ಬಾಲವೇ ಯಾರು ಅಂತ ಹೇಳುತ್ತದೆ. ನನಗೆ ಜಾಸ್ತಿ ಖುಷಿ ಕೊಟ್ಟದ್ದು ‘ಮಿ ಪಿಯಾಚೆ’. ಇಂಗ್ಲಿಷ್ ಪುಸ್ತಕ ಇದನ್ನು ವಿವರಿಸಲು ಎರಡು ಪುಟ ತೆಗೆದುಕೊಂಡಿತ್ತು. ಕನ್ನಡದಲ್ಲಿ ಎರಡೇ ಪದ: ‘ನನಗೆ ಇಷ್ಟ’. ‘ಮಿ’ ಅಂದರೆ ‘ನನಗೆ’. ‘ಮಿ ಫಾ ಮಾಲೆ ಲಾ ತೆಸ್ತಾ’ ಅಂದರೆ ‘ನನಗೆ ತಲೆ ನೋಯುತ್ತಿದೆ’. ಇಷ್ಟ, ನೋವು, ಬೇಕು ಎಲ್ಲ ನಮ್ಮ ಹಾಗೆ ‘ನನಗೆ’ ಆಗುವ ಸಂಗತಿಗಳು. ಟೀಚರ್ ಹಲಗೆ ಮೇಲೆ ಇದನ್ನು ಬರೆದಾಗ ನಾನು ಪಕ್ಕದಲ್ಲಿ ಕನ್ನಡದಲ್ಲಿ ‘ನನಗೆ’ ಅಂತ ಬರೆದುಕೊಂಡೆ, ಮತ್ತೆ ಅದರಲ್ಲಿ ತಪ್ಪಲಿಲ್ಲ.

ಜೋಡಿ ಪದಗಳೂ ಇವೆ. ನಮ್ಮ ‘ಮೆಲ್ಲಮೆಲ್ಲಗೆ’ ಅಲ್ಲಿ ‘ಪಿಯಾನೊ ಪಿಯಾನೊ’. ಒಲೆಯಿಂದ ಆಗಷ್ಟೇ ತೆಗೆದ ಬ್ರೆಡ್ಡು ‘ಕಾಲ್ದೊ ಕಾಲ್ದೊ’, ಅಂದರೆ ಬಿಸಿಬಿಸಿ.

ಹಾಗಾದರೆ ಕಷ್ಟ ಯಾವುದು?

ಲಿಂಗ. ಕನ್ನಡದಲ್ಲಿ ಮೇಜು, ಕುರ್ಚಿ, ಈರುಳ್ಳಿ ಎಲ್ಲ ನಪುಂಸಕ. ಅಲ್ಲಿ ಪ್ರತಿ ವಸ್ತುವೂ ಗಂಡು ಅಥವಾ ಹೆಣ್ಣು. ಹಿಂದಿ ಗೊತ್ತಿದ್ದವರಿಗೆ ಸ್ವಲ್ಪ ಅಭ್ಯಾಸ ಇರುತ್ತದೆ. ಪದ ಕಲಿಯುವಾಗಲೇ ಅದಕ್ಕೆ ಮೊದಲು ಬರುವ ‘ಇಲ್’ (ಗಂಡು) ಅಥವಾ ‘ಲಾ’ (ಹೆಣ್ಣು) ಸೇರಿಸಿ ಕಲಿಯಿರಿ, ಬೇರೆ ದಾರಿಯಿಲ್ಲ.

ಪದದ ಒತ್ತು ಕೂಡ ಕಾಡುತ್ತದೆ. ಸಾಮಾನ್ಯವಾಗಿ ಕೊನೆಯಿಂದ ಎರಡನೆಯ ಅಕ್ಷರಕ್ಕೆ ಒತ್ತು ಬೀಳುತ್ತದೆ, ಆದರೆ ಯಾವಾಗಲೂ ಅಲ್ಲ. ಬಂದರಿನಲ್ಲಿ ನಿಂತು ‘ಆಂಕೊರಾ’ ಅಂತ ಮೊದಲ ಅಕ್ಷರ ಒತ್ತಿದರೆ ಹಡಗಿನ ಲಂಗರು. ‘ಅಂಕೋರಾ’ ಅಂತ ನಡುವೆ ಒತ್ತಿದರೆ ‘ಇನ್ನೂ’. ಬರೆಯುವಾಗ ಎರಡಕ್ಕೂ ಅದೇ ಅಕ್ಷರಗಳು.

ಗೌರವದ ಮಾತು ಅರ್ಧ ಸುಲಭ, ಅರ್ಧ ವಿಚಿತ್ರ. ನೀನು, ನೀವು ಇದ್ದ ಹಾಗೆ ‘ತು’, ‘ಲೇಯಿ’ ಇವೆ. ಯಾರಿಗೆ ಯಾವುದು ಅನ್ನುವುದು ನಮಗೆ ಹೇಳಿಕೊಡಬೇಕಿಲ್ಲ. ಆದರೆ ಆ ‘ಲೇಯಿ’ ಅನ್ನುವ ಪದಕ್ಕೆ ‘ಅವಳು’ ಅಂತಲೂ ಅರ್ಥ. ದೊಡ್ಡ ಮೀಸೆಯ ಅಜ್ಜನಿಗೂ ಅದೇ ಪದ, ಕ್ರಿಯಾಪದವೂ ‘ಅವಳು’ ರೂಪದ್ದೇ. ಒಂದು ವಾರ ಬೇಕಾಗುತ್ತದೆ ಒಗ್ಗಲು.

ಅಲ್ಲಿಯ ಜನ ಪುಸ್ತಕದ ಇಟಾಲಿಯನ್ ಮಾತಾಡುತ್ತಾರಾ?

ನಿಮ್ಮ ಜೊತೆ ಹೌದು. ತಮ್ಮತಮ್ಮಲ್ಲಿ ಅವರು ಕಲಾಬ್ರಿಯಾದ ಮಾತು ಆಡುತ್ತಾರೆ, ಅದು ಮೊದಮೊದಲು ಒಂದಕ್ಷರವೂ ತಿಳಿಯುವುದಿಲ್ಲ. ಗಾಬರಿ ಬೇಡ. ಬೆಂಗಳೂರಿನ ಪಠ್ಯಪುಸ್ತಕ ಓದಿಕೊಂಡು ಕುಂದಾಪುರದ ಮೀನು ಮಾರ್ಕೆಟ್ಟಿಗೆ ಹೋದರೆ ಏನಾಗುತ್ತದೋ ಅದೇ ಇಲ್ಲೂ ಆಗುತ್ತದೆ.

ಆದರೆ ಆ ಮಾತಿಗೂ ಕಿವಿ ಕೊಡಿ, ಅದರಲ್ಲಿ ಊರಿನ ಚರಿತ್ರೆಯೇ ಇದೆ. ‘ತಿನ್ನಬೇಕು’ ಅನ್ನಲು ಪುಸ್ತಕದಲ್ಲಿ ‘ವೊಲ್ಯೊ ಮಾಂಜಾರೆ’. ಆ ಕಡೆಯ ಆಡುಮಾತಿನಲ್ಲಿ ‘ವೊಗ್ಗ್ಯು ಮು ಮಾಂಜು’. ‘ತಿನ್ನಲು’ ಅನ್ನುವ ರೂಪವನ್ನೇ ಬಿಟ್ಟು ‘ನಾನು ತಿನ್ನುವ ಹಾಗೆ ಬೇಕು’ ಅನ್ನುವ ರೀತಿ. ಇದು ಗ್ರೀಕ್ ಭಾಷೆಯ ಪ್ರಭಾವ ಅಂತ ಭಾಷಾ ವಿದ್ವಾಂಸರು ಹೇಳುತ್ತಾರೆ. ಹಿಂದೆ ಈ ಕರಾವಳಿಯಲ್ಲಿ ಗ್ರೀಕರು ನೆಲೆಸಿದ್ದರು. ಕಲಾಬ್ರಿಯಾದ ದಕ್ಷಿಣ ತುದಿಯ ಕೆಲವು ಹಳ್ಳಿಗಳಲ್ಲಿ ಇವತ್ತಿಗೂ ಗ್ರೀಕಿನ ಒಂದು ಬಗೆ ಉಳಿದಿದೆ.

ಇನ್ನೊಂದು ವಿಷಯ. ಶಾಲೆಯಲ್ಲಿ ‘ತಿಂದೆ’ ಅನ್ನಲು ‘ಒ ಮಾಂಜಾತೊ’ ಕಲಿಸುತ್ತಾರೆ. ಊರಿನ ಹಿರಿಯರು ಇವತ್ತು ಬೆಳಿಗ್ಗೆ ತಿಂದದ್ದಕ್ಕೂ ‘ಮಾಂಜಾಯ್’ ಅಂದುಬಿಡಬಹುದು. ಉತ್ತರದ ಕಡೆ ಮಾತಿನಲ್ಲಿ ಆ ರೂಪ ಹೆಚ್ಚುಕಡಿಮೆ ಕೇಳುವುದಿಲ್ಲ. ತಪ್ಪು ಕೇಳಿಸಿಕೊಂಡೆ ಅಂದುಕೊಳ್ಳಬೇಡಿ.

ಶಾಲೆ ಆರಿಸುವಾಗ ಏನು ನೋಡಬೇಕು?

ಇಂಥ ಶಾಲೆಗಳಲ್ಲಿ ಸಾಮಾನ್ಯವಾಗಿ ಸೋಮವಾರ ಸೇರಿಸಿಕೊಳ್ಳುತ್ತಾರೆ, ಒಂದು ಸಣ್ಣ ಪರೀಕ್ಷೆ ಕೊಟ್ಟು ಮಟ್ಟ ನೋಡುತ್ತಾರೆ. ಪಾಠ ಬೆಳಿಗ್ಗೆ, ವಾರಕ್ಕೆ ಸುಮಾರು 20. ಮಧ್ಯಾಹ್ನ ಬಿಡುವು.

ದುಡ್ಡು ಕಟ್ಟುವ ಮೊದಲು ಇಮೇಲ್‌ನಲ್ಲಿ ಮೂರು ಪ್ರಶ್ನೆ ಕೇಳಿ. ಒಂದು ಗುಂಪಿನಲ್ಲಿ ಎಷ್ಟು ಜನ? ನನ್ನ ಮಟ್ಟಕ್ಕೆ ಬೇರೆ ಯಾರೂ ಇಲ್ಲದಿದ್ದರೆ ಏನು ಮಾಡುತ್ತೀರಿ? ಏನೂ ಗೊತ್ತಿಲ್ಲದವರಿಗೆ ತರಗತಿ ಯಾವ ದಿನಾಂಕಕ್ಕೆ ಶುರು? ಎರಡನೆಯ ಪ್ರಶ್ನೆ ಬಹಳ ಮುಖ್ಯ. ತ್ರೊಪೇಯಕ್ಕೆ ಹೋಗುವ ಮೊದಲು ಬೇರೊಂದು ಊರಿನ ಶಾಲೆಯಲ್ಲಿ ಒಂದು ವಾರ ಇದ್ದೆ. ಜನ ಕಡಿಮೆ ಅಂತ ನನ್ನನ್ನೂ, ಚೆನ್ನಾಗಿ ಮಾತಾಡುತ್ತಿದ್ದ ಇಬ್ಬರನ್ನೂ ಒಂದೇ ಕೋಣೆಯಲ್ಲಿ ಕೂರಿಸಿದರು. ಐದು ದಿನ ನಾನು ಹೆಚ್ಚುಕಡಿಮೆ ಸುಮ್ನೆ ಕೂತು ಬಂದೆ. ಕಟ್ಟಿದ ದುಡ್ಡಿಗಿಂತ ಆ ಐದು ದಿನ ಹೋದದ್ದು ಬೇಸರ.

ಎಷ್ಟು ದಿನ ಇದ್ದರೆ ಮಾತು ಬರುತ್ತದೆ?

ಎರಡು ವಾರಕ್ಕೆ ಅಂಗಡಿ, ಬಸ್ಸು, ಊಟದ ಮಾತು ಬರುತ್ತದೆ. ನಾಲ್ಕು ವಾರಕ್ಕೆ ‘ನಿನ್ನೆ ಏನಾಯಿತು ಅಂದರೆ’ ಅಂತ ಒಂದು ಸಣ್ಣ ಸಂಗತಿ ಹೇಳುವಷ್ಟು ಆಗುತ್ತದೆ. ಅದೂ ಮನೆಯಲ್ಲೇ ಸ್ವಲ್ಪ ಓದಿಕೊಂಡು ಹೋಗಿದ್ದರೆ. ಒಂದೇ ವಾರ ಇದ್ದರೆ ಅದನ್ನು ಪ್ರವಾಸ ಅಂದುಕೊಂಡು ಹೋಗಿ.

ವೀಸಾ ಯಾವುದು ಬೇಕು?

ಭಾರತದ ಪಾಸ್‌ಪೋರ್ಟ್ ಇದ್ದವರಿಗೆ 90 ದಿನದೊಳಗಿನ ಕೋರ್ಸ್ ಆದರೆ ಷೆಂಗೆನ್ (ಯುರೋಪಿನ ಹಲವು ದೇಶಗಳಿಗೆ ಒಟ್ಟಿಗೆ ಸಲ್ಲುವ) ಅಲ್ಪಾವಧಿ ವೀಸಾ. ಲೆಕ್ಕ ಹೀಗೆ: ಯಾವುದೇ 180 ದಿನಗಳಲ್ಲಿ ಒಟ್ಟು 90 ದಿನ ಮಾತ್ರ ಇರಬಹುದು. ಅದಕ್ಕಿಂತ ಜಾಸ್ತಿ ಇರುವುದಾದರೆ ಓದಿನ ದೀರ್ಘಾವಧಿ ವೀಸಾ ಬೇಕು. ಆಗ ಇಟಲಿಗೆ ಕಾಲಿಟ್ಟ 8 ಕೆಲಸದ ದಿನದೊಳಗೆ ವಾಸದ ಪರವಾನಗಿಗೆ ಅರ್ಜಿ ಹಾಕಬೇಕು. ಅದನ್ನು ಅಲ್ಲಿ ‘ಪೆರ್ಮೆಸ್ಸೊ ದಿ ಸೊಜ್ಜೊರ್ನೊ’ ಅನ್ನುತ್ತಾರೆ, ಅರ್ಜಿ ಅಂಚೆ ಕಚೇರಿಯಲ್ಲಿ ಕೊಡುತ್ತಾರೆ.

ಅಲ್ಪಾವಧಿ ವೀಸಾಕ್ಕೆ ಕನಿಷ್ಠ 30,000 ಯೂರೋ ಮೊತ್ತದ ಪ್ರಯಾಣ ವಿಮೆ ಕಡ್ಡಾಯ. ಶಾಲೆಯ ಪ್ರವೇಶ ಪತ್ರ, ಉಳಿಯುವ ಜಾಗದ ದಾಖಲೆ, ಬ್ಯಾಂಕ್ ಸ್ಟೇಟ್‌ಮೆಂಟ್ ಎಲ್ಲದರಲ್ಲೂ ತಾರೀಖು ಒಂದಕ್ಕೊಂದು ಹೊಂದಬೇಕು. ಹೊರಡುವ ದಿನಕ್ಕೆ 6 ತಿಂಗಳು ಮೊದಲಿನಿಂದಲೇ ಅರ್ಜಿ ಹಾಕಬಹುದು. ಬೇಸಿಗೆಗೆ ಹೋಗುವವರು ಅಪಾಯಿಂಟ್‌ಮೆಂಟ್ ಬೇಗ ಹಿಡಿಯಿರಿ. ಬೆಂಗಳೂರಲ್ಲೇ ಇಟಲಿಯ ಕಾನ್ಸುಲೇಟ್ ಜನರಲ್ ಇದೆ, ಅವರ ವೆಬ್‌ಸೈಟಿನ ಪಟ್ಟಿಯನ್ನೇ ನಂಬಿ.

ಊರು ತಲುಪುವುದು ಹೇಗೆ?

ಹತ್ತಿರದ ವಿಮಾನ ನಿಲ್ದಾಣ ಲಮೇಜಿಯಾ ತೆರ್ಮೆ, ಅಲ್ಲಿಂದ ತ್ರೊಪೇಯಕ್ಕೆ ಸುಮಾರು 60 ಕಿ.ಮೀ. ನಾನು ಹೇಳುವುದು ರೋಮ್‌ಗೆ ಇಳಿದು ರೈಲಿನಲ್ಲಿ ಹೋಗಿ ಅಂತ. ವೇಗದ ರೈಲು ಲಮೇಜಿಯಾ ತೆರ್ಮೆ ಚೆಂತ್ರಾಲೆವರೆಗೆ, ಅಲ್ಲಿಂದ ಕರಾವಳಿಯ ಸಣ್ಣ ಗಾಡಿ. ಸಮುದ್ರ ಬಲಗಡೆ ಕಾಣುತ್ತದೆ, ಆ ಕಿಟಕಿ ಹಿಡಿಯಿರಿ.

ಸ್ಥಳೀಯ ರೈಲಿನ ಕಾಗದದ ಟಿಕೆಟ್ ಇದ್ದರೆ ಹತ್ತುವ ಮೊದಲು ಪ್ಲಾಟ್‌ಫಾರ್ಮಿನ ಯಂತ್ರದಲ್ಲಿ ಮುದ್ರೆ ಹಾಕಿಸಬೇಕು. ಮರೆತರೆ ದಂಡ. ಭಾನುವಾರ ಗಾಡಿಗಳು ಕಡಿಮೆ, ಹಾಗಾಗಿ ಆವತ್ತು ರಾತ್ರಿ ತಲುಪುವ ಲೆಕ್ಕ ಹಾಕಬೇಡಿ.

ಯಾವ ತಿಂಗಳು ಒಳ್ಳೆಯದು?

ಮೇ, ಜೂನ್, ಸೆಪ್ಟೆಂಬರ್. ನನ್ನನ್ನು ಕೇಳಿದರೆ ಸೆಪ್ಟೆಂಬರ್. ನೀರು ಇನ್ನೂ ಬೆಚ್ಚಗಿರುತ್ತದೆ, ಊರಿನವರಿಗೆ ಉಸಿರಾಡಲು ಪುರುಸೊತ್ತು ಸಿಕ್ಕಿರುತ್ತದೆ, ನಿಂತು ಮಾತಾಡುತ್ತಾರೆ. 9ನೇ ತಾರೀಖು ಊರಿನ ರಕ್ಷಕಿ ಮದೊನ್ನಾ ದಿ ರೊಮಾನಿಯಾ, ಅಂದರೆ ಮೇರಿ ಮಾತೆಯ ಹಬ್ಬ. ಆಗಸ್ಟ್‌ನಲ್ಲಿ, ಅದರಲ್ಲೂ 15ರ ಆಚೀಚೆ, ಇಡೀ ಇಟಲಿ ರಜೆ ಹಾಕಿ ಕಡಲಿಗೆ ಬರುತ್ತದೆ. ಬಾಡಿಗೆ ಏರುತ್ತದೆ, ಕಾಲಿಡಲು ಜಾಗ ಇರುವುದಿಲ್ಲ. ಚಳಿಗಾಲದಲ್ಲಿ ಅರ್ಧ ಊರಿಗೆ ಬೀಗ.

ಮೇ 3ಕ್ಕೆ ಅಲ್ಲಿದ್ದರೆ ಒಂಟೆ ಸುಡುವ ಹಬ್ಬ ತಪ್ಪಿಸಬೇಡಿ. ಚೌಕಟ್ಟು ಕಟ್ಟಿ ಮಾಡಿದ ಒಂಟೆಗೆ ಪಟಾಕಿ ಸುತ್ತಿ, ಒಬ್ಬ ಮನುಷ್ಯ ಅದರೊಳಗೆ ಹೊಕ್ಕು ಕುಣಿಯುತ್ತಾನೆ. ಕಡಲ ದಾಳಿಕೋರರಿಂದ ಊರು ಬಿಡುಗಡೆಯಾದ ನೆನಪಿಗೆ ಇದು.

ಉಳಿಯಲು ಮನೆಯೋ, ಬಾಡಿಗೆ ಕೋಣೆಯೋ?

ಕುಟುಂಬದ ಮನೆ ಸಿಕ್ಕರೆ ಅದೇ ಹಿಡಿಯಿರಿ. ನಾನಿದ್ದ ಮನೆಯ ಸಿನ್ಯೋರಾಗೆ, ಅಂದರೆ ಯಜಮಾನಿಗೆ, ಎಪ್ಪತ್ತು ದಾಟಿತ್ತು. ದಿನಾ ಬಾಗಿಲು ತೆಗೆದಾಗ ಮೊದಲ ಮಾತು ‘ಆಯ್ ಮಾಂಜಾತೊ?’. ಅಂದರೆ ‘ಊಟ ಆಯ್ತಾ?’. ಆ ಪ್ರಶ್ನೆ ಕೇಳಿದ ಮೊದಲ ದಿನವೇ ನನಗೆ ಪರಊರು ಅನ್ನುವ ಭಯ ಹೋಯಿತು. ಸಂಜೆ ಅವರು ಬಟಾಣಿ ಸುಲಿಯುತ್ತಾ ಕೂರುತ್ತಿದ್ದರು, ನಾನೂ ಎದುರು ಕೂತು ಸುಲಿಯುತ್ತಾ ದಿನದ ಸುದ್ದಿ ಹೇಳಬೇಕಿತ್ತು. ತಪ್ಪು ರೂಪ ಹೇಳಿದರೆ ಕೈ ನಿಲ್ಲಿಸುತ್ತಿದ್ದರು. ಸರಿ ಹೇಳಿದರೆ ಮತ್ತೆ ಸುಲಿಯುತ್ತಿದ್ದರು. ತರಗತಿಯಷ್ಟೇ ಅಲ್ಲೂ ಕಲಿತೆ.

ಯಾರದಾದರೂ ಮನೆಯೊಳಗೆ ಕಾಲಿಡುವಾಗ ‘ಪೆರ್ಮೆಸ್ಸೊ’ ಅನ್ನಿ, ಬರಬಹುದಾ ಅಂತ ಕೇಳಿದ ಹಾಗೆ.

ಸಸ್ಯಾಹಾರಿಗಳಿಗೆ ಊಟ ಸಿಗುತ್ತದಾ?

ಚೆನ್ನಾಗಿಯೇ ಸಿಗುತ್ತದೆ. ಬದನೆಕಾಯಿ, ಟೊಮೆಟೊ, ಕಾಳುಗಳು, ಮತ್ತು ಎಲ್ಲೆಲ್ಲೂ ಕೆಂಪು ಈರುಳ್ಳಿ. ತ್ರೊಪೇಯದ ಈರುಳ್ಳಿಗೆ 2008ರಲ್ಲಿ ಯುರೋಪಿನ ಭೌಗೋಳಿಕ ಗುರುತು ಸಿಕ್ಕಿದೆ. ಘಾಟಿಲ್ಲ, ಸಿಹಿ, ಹಸಿಯಾಗಿಯೇ ತಿನ್ನಬಹುದು. ಅದರ ಜಾಮ್ ಮಾಡುತ್ತಾರೆ, ಐಸ್‌ಕ್ರೀಮ್ ಕೂಡ ಮಾಡುತ್ತಾರೆ. ‘ಫಿಲೇಯಾ’ ಅನ್ನುವ ಅಲ್ಲಿಯ ಸುರುಳಿ ಪಾಸ್ತಾವನ್ನು ಈರುಳ್ಳಿ ಹಾಕಿ ಮಾಡಿಕೊಡಿ ಅಂತ ಕೇಳಿ. ಕಲಾಬ್ರಿಯಾದವರು ಮೆಣಸಿನಕಾಯಿ ಪ್ರಿಯರು, ಖಾರ ಇಲ್ಲದೆ ಬಾಯಿ ಸಪ್ಪೆಯಾದೀತು ಅನ್ನುವ ಚಿಂತೆ ಬೇಡ.

ಒಂದು ಎಚ್ಚರಿಕೆ. ‘ನ್ದೂಯಾ’ ಅನ್ನುವ ಕೆಂಪು ಪೇಸ್ಟ್ ನೋಡಲು ನಮ್ಮ ಕೆಂಪು ಚಟ್ನಿಯ ಹಾಗೇ ಇರುತ್ತದೆ. ಅದು ಹಂದಿಮಾಂಸ. ಹತ್ತಿರದ ಸ್ಪಿಲಿಂಗಾ ಅದಕ್ಕೆ ಹೆಸರಾದ ಊರು, ಹಾಗಾಗಿ ತ್ರೊಪೇಯದಲ್ಲಿ ಪಿತ್ಸಾದಿಂದ ಬ್ರೆಡ್ಡಿನವರೆಗೆ ಎಲ್ಲದರ ಮೇಲೂ ಹಾಕುತ್ತಾರೆ. ಸಣ್ಣ ಮೀನೂ ಸಾಸಿನಲ್ಲಿ ಕರಗಿ ಕಾಣದಂತೆ ಇರುತ್ತದೆ. ‘ಸೆಂತ್ಸಾ ಕಾರ್ನೆ, ಸೆಂತ್ಸಾ ಪೆಶ್ಶೆ’, ಅಂದರೆ ಮಾಂಸ ಬೇಡ, ಮೀನು ಬೇಡ ಅಂತ ಎರಡನ್ನೂ ಹೇಳಿ. ಒಂದೇ ಹೇಳಿದರೆ ಸಾಲದು.

ಮಧ್ಯಾಹ್ನ ಅಂಗಡಿಗಳೆಲ್ಲ ಮುಚ್ಚುತ್ತವಾ?

ಹೌದು, ಸುಮಾರು 1 ಗಂಟೆಯಿಂದ 4:30 ಅಥವಾ 5ರವರೆಗೆ. ಆ ಹೊತ್ತಿಗೆ ಹೋಂವರ್ಕ್ ಮುಗಿಸಿ, ಇಲ್ಲವೇ ಕಡಲಿಗೆ ಇಳಿಯಿರಿ. ಛತ್ರಿ, ಮಂಚ ಹಾಕಿದ ಜಾಗಕ್ಕೆ ದುಡ್ಡು ಕೊಡಬೇಕು. ‘ಸ್ಪಿಯಾಜ್ಜಾ ಲೀಬೆರಾ’ ಅಂತ ಬೋರ್ಡು ಇದ್ದರೆ ಅದು ಎಲ್ಲರದು, ಪುಕ್ಕಟೆ. ವಾಪಸ್ ಮೇಲೆ ಬರಲು ತುಂಬಾ ಮೆಟ್ಟಿಲು ಹತ್ತಬೇಕು, ಮಂಡಿ ನೋವಿದ್ದವರು ಇದನ್ನು ನೆನಪಿಟ್ಟುಕೊಳ್ಳಿ.

ಊರಲ್ಲಿ ಏನೇನು ನೋಡಬೇಕು?

ಕಡಲಂಚಿನ ದೊಡ್ಡ ಬಂಡೆಯ ಮೇಲೆ ಸಾಂತಾ ಮರಿಯಾ ದೆಲ್ಲಿಸೊಲಾ ಇಗರ್ಜಿ ಇದೆ, ಊರಿನ ಎಲ್ಲ ಚಿತ್ರಗಳಲ್ಲೂ ಕಾಣುವುದು ಅದೇ. ಮೇಲೆ ಊರೊಳಗೆ ನಾರ್ಮನ್ನರ ಕಾಲದ ಕಥೀಡ್ರಲ್. ಅದರ ಬಾಗಿಲ ಬಳಿ ಎರಡನೇ ಮಹಾಯುದ್ಧದಲ್ಲಿ ಬಿದ್ದೂ ಸಿಡಿಯದ ಎರಡು ಬಾಂಬ್‌ಗಳನ್ನು ಇಟ್ಟಿದ್ದಾರೆ. ಮದೊನ್ನಾ ಕಾಪಾಡಿದಳು ಅನ್ನುವುದು ಊರಿನ ನಂಬಿಕೆ.

ಸಂಜೆ ಕೊರ್ಸೊ ವಿತ್ತೋರಿಯೊ ಎಮಾನುವೇಲೆ ರಸ್ತೆಯ ಕೊನೆಗೆ ನಡೆದು ಹೋಗಿ. ರಸ್ತೆ ಥಟ್ಟನೆ ಆಕಾಶದಲ್ಲಿ ಮುಗಿಯುತ್ತದೆ, ಮುಂದೆ ಕಟಕಟೆ, ಕೆಳಗೆ ಕಡಲು. ಇಡೀ ಊರು ಅಲ್ಲಿಗೆ ಅಡ್ಡಾಡಲು ಬರುತ್ತದೆ. ತಿಳಿಯಾದ ದಿನ ದೂರದಲ್ಲಿ ಸ್ತ್ರೊಂಬೊಲಿ ಜ್ವಾಲಾಮುಖಿ ದ್ವೀಪ ಕಾಣುತ್ತದೆ. ವರ್ಷದ ಕೆಲವು ದಿನ ಸೂರ್ಯ ನೇರವಾಗಿ ಅದರ ಬಾಯೊಳಗೇ ಇಳಿದ ಹಾಗೆ ಮುಳುಗುತ್ತಾನೆ. ನನ್ನ ಪಕ್ಕ ನಿಂತಿದ್ದ ಹುಡುಗಿಯೊಬ್ಬಳು ತನ್ನ ತಮ್ಮನಿಗೆ ‘ಗ್ವಾರ್ದಾ, ಗ್ವಾರ್ದಾ’, ನೋಡು ನೋಡು ಅಂತ ಭುಜ ಅಲುಗಿಸುತ್ತಿದ್ದಳು. ಆ ಪದವನ್ನು ನಾನು ಪಟ್ಟಿಯಲ್ಲಿ ಹತ್ತು ಸಲ ಓದಿದ್ದೆ. ಬಾಯಿಗೆ ಬಂದದ್ದು ಆವತ್ತು.

ವಾರದ ರಜೆಗೆ ಎಲ್ಲಿಗೆ ಹೋಗಬಹುದು?

ಲಮೇಜಿಯಾದಿಂದ ಬಂದ ಅದೇ ರೈಲು ದಾರಿಯಲ್ಲಿ ಪಿತ್ಸೊ ಅನ್ನುವ ಊರು ಸಿಗುತ್ತದೆ. ನೆಪೋಲಿಯನ್ನನ ತಂಗಿಯ ಗಂಡ, ನೇಪಲ್ಸ್‌ನ ರಾಜನಾಗಿದ್ದ ಮ್ಯುರಾನನ್ನು 1815ರ ಅಕ್ಟೋಬರ್ 13ರಂದು ಗುಂಡಿಟ್ಟು ಕೊಂದದ್ದು ಅಲ್ಲಿಯ ಕೋಟೆಯಲ್ಲಿ. ಕೋಟೆ ನೋಡಿ ‘ತರ್ತೂಫೊ’ ಐಸ್‌ಕ್ರೀಮ್ ತಿನ್ನಿ, ಒಡೆದರೆ ಒಳಗಿಂದ ಚಾಕೊಲೇಟ್ ಹರಿಯುತ್ತದೆ. ಇಡೀ ದಿನ ಇದ್ದರೆ ರೆಜ್ಜೊ ಕಲಾಬ್ರಿಯಾ ಮ್ಯೂಸಿಯಂಗೆ ಹೋಗಿ. 1972ರಲ್ಲಿ ಸಮುದ್ರದ ತಳದಲ್ಲಿ ಸಿಕ್ಕ ಎರಡು ಗ್ರೀಕ್ ಕಂಚಿನ ವೀರರು ಅಲ್ಲಿ ನಿಂತಿದ್ದಾರೆ.

ಪ್ರಮಾಣಪತ್ರ ಬೇಕಾದರೆ?

ಸಣ್ಣ ಶಾಲೆ ಕೊಡುವ ಕಾಗದ ಹಾಜರಾತಿಗೆ ಮಾತ್ರ. ಕೆಲಸಕ್ಕೆ, ಕಾಲೇಜಿಗೆ ಬೇಕಾದರೆ ಸಿಯೆನಾದ ವಿದೇಶಿಯರ ವಿಶ್ವವಿದ್ಯಾಲಯದ ಚಿಲ್ಸ್, ಪೆರೂಜಾದ ಅಂಥದೇ ವಿಶ್ವವಿದ್ಯಾಲಯದ ಚೇಲಿ, ದಾಂತೆ ಅಲಿಗಿಯೇರಿ ಸಂಸ್ಥೆಯ ಪ್ಲೀದಾ ಪರೀಕ್ಷೆಗಳಲ್ಲಿ ಒಂದನ್ನು ಬರೆಯಿರಿ.

ಹೊರಡುವ ಮೊದಲು ಏನು ಕಲಿತಿರಬೇಕು?

ಒಂದರಿಂದ ನೂರರವರೆಗಿನ ಲೆಕ್ಕ, ಮತ್ತು ಓದುವ ಕ್ರಮ. ಅವರ ಅಕ್ಷರಮಾಲೆಯಲ್ಲಿ 21 ಅಕ್ಷರ, ಬರೆದ ಹಾಗೇ ಓದುತ್ತಾರೆ, ಒಂದು ವಾರದ ಕೆಲಸ. ಒಂದು ಸಣ್ಣ ನೋಟ್‌ಬುಕ್ ತೆಗೆದುಕೊಂಡು ಕೇಳಿದ ಪದಗಳನ್ನು ಕನ್ನಡ ಲಿಪಿಯಲ್ಲೇ ಬರೆದುಕೊಳ್ಳಿ. ಒತ್ತಕ್ಷರ, ದೀರ್ಘ ಎಲ್ಲ ಸರಿಯಾಗಿ ಸಿಗುತ್ತವೆ. ನನ್ನ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಈಗಲೂ ‘ಉನಾ ಚಿಪೊಲ್ಲಾ, ಉನಾ ತ್ರೆಚ್ಚಾ, ಉನ್ ಲಿಮೊನೆ’ ಅಂತ ಇದೆ, ಪಕ್ಕದಲ್ಲಿ ಆ ಅಜ್ಜ ತಮ್ಮ ಪೆನ್ನಿನಿಂದಲೇ ಬರೆದುಕೊಟ್ಟ ಬೆಲೆ.